ಕೂಸು ಹುಟ್ಟುವ ಮುಂಚೆ

ಒಂಬತ್ತನೆಯ ತರಗತಿಗೆ ಭೂಪಟ ತೋರಿಸಿ ಬಂದವಳು, ಮಕ್ಕಳಿಗೆ ಹೇಳಿದ್ದನ್ನೇ ಸ್ಟಾಫ್ ರೂಮಿನಲ್ಲೂ ಹೇಳಿದೆ. ಉತ್ತರ ಧ್ರುವದ ಸುತ್ತ ಯಾವ ದೇಶಕ್ಕೂ ಸೇರದ 28 ಲಕ್ಷ ಚದರ ಕಿಲೋಮೀಟರ್ ಸಮುದ್ರವಿದೆ, ನಮ್ಮ ಭಾರತಕ್ಕಿಂತ ಸ್ವಲ್ಪವೇ ಚಿಕ್ಕದು. ಅಲ್ಲಿ ವ್ಯಾಪಾರಕ್ಕೆಂದು ಮೀನು ಹಿಡಿಯುವವರು ಇನ್ನೂ ಯಾರೂ ಇಲ್ಲ. ಆದರೂ ಹಿಡಿಯಕೂಡದೆಂದು ಅಮೆರಿಕ, ರಷ್ಯಾ, ಚೀನಾ, ಜಪಾನ್ ಮೊದಲಾದ ಒಂಬತ್ತು ದೇಶಗಳೂ ಐರೋಪ್ಯ ಒಕ್ಕೂಟವೂ 2018ರಲ್ಲಿ ಒಪ್ಪಂದ ಮಾಡಿಕೊಂಡಿವೆ. ಗಣಿತದ ಮಾಷ್ಟ್ರು ನಕ್ಕರು. "ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗಾಯಿತಲ್ಲ ಟೀಚರೇ!" ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಬಂದ ಮೇಲೆ ಮಾತ್ರ ಆ ಮಾತು ಗಂಟಲಿಗೆ ಸಿಕ್ಕಿದ ಮುಳ್ಳಿನಂತೆ ಚುಚ್ಚತೊಡಗಿತು.

ನಾನು ಕಡಲ ಮಗ್ಗುಲಿನ ಊರವಳು. ಊರಿಗೆ ಊರೇ ಸೇರಿ ರಂಪಣಿ ಬಲೆ ಎಳೆಯುತ್ತಿದ್ದುದನ್ನು ಅಜ್ಜನ ಹೆಗಲೇರಿ ನೋಡಿದ ಮಸುಕು ನೆನಪಿದೆ. ಹಗ್ಗಕ್ಕೆ ಕೈ ಹಾಕಿದ ಮುದುಕರಿಗೂ ಅಂದು ಬಂಗುಡೆಯ ಪಾಲು ಸಿಗುತ್ತಿತ್ತು. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬೋಟುಗಳು ಬಂದವು. ಮೀನಿನ ಹಿಂಡು ದಡಕ್ಕೆ ಬರುವ ಮೊದಲೇ ಅದನ್ನು ಸುತ್ತುಗಟ್ಟಿದವು. ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆ ಸೇರಿತು. ಎಷ್ಟು ಹಿಡಿದರೆ ಎಷ್ಟು ಉಳಿದೀತು ಎಂದು ನಮ್ಮೂರಿನಲ್ಲಿ ಮೊದಲೇ ಕೇಳಿದವರನ್ನು ನಾನು ಕಾಣೆ. ಆ ಪ್ರಶ್ನೆ ಬಂದದ್ದು ಬೋಟಿಗೆ ಸಾಲ ಎತ್ತಿದ ಮೇಲೆ.

ಬೆಳಕು ಹಾಕಿ ಮೀನು ಹಿಡಿಯುವುದನ್ನು ಕೇಂದ್ರ ಸರಕಾರ 2017ರಲ್ಲಿ ನಿಷೇಧಿಸಿತು. ಅದಕ್ಕೆ ತುಸು ಮೊದಲು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೆಂಡತಿಯ ಕರಿಮಣಿ ಒಂದನ್ನು ಬಿಟ್ಟು ಉಳಿದ ಚಿನ್ನವನ್ನೆಲ್ಲ ಅಡವಿಟ್ಟು ಬೋಟಿಗೆ ಜನರೇಟರು, ದೀಪ ಹಾಕಿಸಿದ್ದ. "ನಿಷೇಧ ಸರಿಯೇ ಟೀಚರೇ, ನನಗೂ ಗೊತ್ತುಂಟು. ಆದರೆ ಬ್ಯಾಂಕಿನವರಿಗೆ ಎಂತ ಹೇಳುದು?" ಎಂದು ಕೇಳಿದ. ನಾನು ಸುಮ್ಮನಿದ್ದೆ. ಅವನು ಈಗಲೂ ಕದ್ದು ದೀಪ ಹಾಕುತ್ತಾನೋ ಇಲ್ಲವೋ, ಕೇಳುವ ಧೈರ್ಯ ನನಗಿಲ್ಲ.

ಮಾಷ್ಟ್ರಿಗೆ ನಾನು ಹೇಳಬೇಕಾಗಿದ್ದದ್ದು ಇದನ್ನೇ. ಬಲೆಯನ್ನು ತಡೆಯಲು ನ್ಯಾಯವಾದ ಕಾಲ ಒಂದೇ ಒಂದು: ಅದನ್ನು ನಂಬಿ ಯಾರೂ ಚಿನ್ನ ಅಡವಿಡುವುದಕ್ಕೆ ಮುಂಚಿನದು. ಆಮೇಲೆ ಬರುವ ನಿಷೇಧ ಒಬ್ಬನ ಒಲೆಗೆ ನೀರು ಸುರಿಯುತ್ತದೆ, ಇಲ್ಲವೇ ಕಾಗದದಲ್ಲೇ ಉಳಿಯುತ್ತದೆ.

ಈ ಒಪ್ಪಂದ ಮಾಡಿಕೊಂಡ ದೇಶಗಳೇನು ಸಂತರಲ್ಲ. ಅವು ಬೆಂದು ಬುದ್ಧಿ ಕಲಿತವು. ರಷ್ಯಾಕ್ಕೂ ಅಲಾಸ್ಕಾಕ್ಕೂ ನಡುವೆ ಬೇರಿಂಗ್ ಸಮುದ್ರದಲ್ಲಿ ಯಾರಿಗೂ ಸೇರದ ಒಂದು ತುಂಡು ಇದೆ. 1980ರ ದಶಕದಲ್ಲಿ ಹೊರದೇಶದ ದೊಡ್ಡ ಹಡಗುಗಳು ಪೊಲಾಕ್ ಎಂಬ ಮೀನಿಗಾಗಿ ಅಲ್ಲಿಗೆ ನುಗ್ಗಿದವು. 1989ರಲ್ಲಿ ಬಲೆಗೆ ಬಿದ್ದದ್ದು ಸುಮಾರು 14 ಲಕ್ಷ ಟನ್. 1992ರ ಹೊತ್ತಿಗೆ ಅದು ಹತ್ತು ಸಾವಿರ ಟನ್ನಿನ ಆಸುಪಾಸಿಗೆ ಇಳಿಯಿತು. 1993ರಲ್ಲಿ ಹಿಡಿಯುವುದನ್ನು ನಿಲ್ಲಿಸಿದರು, 1994ರಲ್ಲಿ ಒಪ್ಪಂದ ಬರೆದರು. ಮೂವತ್ತು ವರ್ಷ ಕಳೆದರೂ ಮತ್ತೆ ಬಲೆ ಹಾಕುವಷ್ಟು ಮೀನು ಅಲ್ಲಿಗೆ ಮರಳಿಲ್ಲ. ಕೂಸು ಹೋದ ಮೇಲೆ ಹೊಲಿಸಿದ ಕುಲಾವಿ ಎಂದರೆ ಅದು, ಮಾಷ್ಟ್ರೇ.

"ಹಿಡಿಯದೆ ಇದೆಯೋ ಇಲ್ಲವೋ ಗೊತ್ತಾಗುವುದು ಹೇಗೆ?" ಎಂದು ಕೇಳುವವರಿದ್ದಾರೆ. ಅನ್ನ ಬೆಂದಿದೆಯೋ ಎಂದು ನೋಡಲು ಒಂದು ಅಗುಳು ಸಾಕು, ಚರಿಗೆ ಬರಿದು ಮಾಡಬೇಕಾಗಿಲ್ಲ. 2019-20ರಲ್ಲಿ ಜರ್ಮನಿಯ ಪೋಲಾರ್‌ಸ್ಟರ್ನ್ ಎಂಬ ಸಂಶೋಧನಾ ಹಡಗು ಧ್ರುವದ ಮಂಜಿನಲ್ಲೇ ಹುದುಗಿಕೊಂಡು ತೇಲುತ್ತ ಹೋಯಿತು. ವಿಜ್ಞಾನಿಗಳು ನಿರೀಕ್ಷಿಸದೇ ಇದ್ದ ಅಟ್ಲಾಂಟಿಕ್ ಕಾಡ್ ಮೀನು ಅಲ್ಲಿ ಆಳದಲ್ಲಿ ಸಿಕ್ಕಿತು. ಒಟ್ಟಾರೆ ಮೀನು ಮಾತ್ರ ಬಹಳ ವಿರಳ ಎಂದೂ ತಿಳಿಯಿತು. ಇಷ್ಟು ತಿಳಿಯಲು ಒಂದು ಟ್ರಾಲರೂ ಬೇಕಾಗಲಿಲ್ಲ.

"ಹೊಟ್ಟೆ ತುಂಬಿದವರ ಮಾತು" ಎಂಬುದು ಇನ್ನೊಂದು ಆಕ್ಷೇಪ. ಇದು ನನಗೆ ನಿಜವಾಗಿಯೂ ತಾಗುತ್ತದೆ. ಆದರೆ ಕೆಲವು ಬೇಸಿಗೆಗಳಲ್ಲಿ ಮಂಜು ಕರಗಿ ಆ ಸಮುದ್ರದ ಶೇಕಡ 40ರಷ್ಟು ಭಾಗ ತೆರೆದುಕೊಂಡಾಗ ಅಲ್ಲಿಗೆ ಹೋಗಬಲ್ಲವರು ಯಾರು? ನಮ್ಮ ನಾಡದೋಣಿಯವರಲ್ಲ. ತಿಂಗಳುಗಟ್ಟಲೆ ಕಡಲಲ್ಲೇ ನಿಂತು ಹಿಡಿದದ್ದನ್ನು ಅಲ್ಲೇ ಹೆಪ್ಪುಗಟ್ಟಿಸುವ ಹಡಗುಗಳು. ಬಡವರ ಹೆಸರಿನಲ್ಲಿ ಅವರು ವಕಾಲತ್ತು ವಹಿಸುವುದು ಬೇಡ.

ಒಪ್ಪಂದದ ಬಗ್ಗೆ ನನಗೂ ತಕರಾರಿದೆ. 2021ರಲ್ಲಿ ಜಾರಿಗೆ ಬಂದ ಅದರ ಆಯುಷ್ಯ 16 ವರ್ಷ. ಆಮೇಲೆ ಐದೈದು ವರ್ಷ ಮುಂದುವರಿಯಬಹುದು, ಯಾರಾದರೊಬ್ಬರು ತಕರಾರು ಎತ್ತಿದರೆ ಅದೂ ಇಲ್ಲ. ನಿಷೇಧ ನಿಲ್ಲಬೇಕಾದದ್ದು ಸಂಶೋಧನೆ ಮುಗಿದಾಗ, ಕ್ಯಾಲೆಂಡರಿನ ಹಾಳೆ ಮುಗಿದಾಗ ಅಲ್ಲ. ಪಾಠ ಮುಗಿಯದೆ ಪರೀಕ್ಷೆ ಇಡುವ ಇಲಾಖೆಯ ಚಾಳಿ ಅಲ್ಲಿಗೂ ಹೋಗಿದೆಯೆಂದು ಕಾಣುತ್ತದೆ.

ಧ್ರುವ ದೂರದ್ದಾಯಿತು. ನಮ್ಮ ಅರಬ್ಬೀ ಸಮುದ್ರದಲ್ಲೇ ಹಗಲು ಆಳದಲ್ಲಿದ್ದು ರಾತ್ರಿ ಮೇಲೇರುವ ಲ್ಯಾಂಟರ್ನ್ ಮೀನುಗಳಿವೆ. ಬೆರಳುದ್ದದವು, ಮೈಮೇಲೆ ಮಿಣುಕುವ ಚುಕ್ಕೆಗಳು, ಟ್ಯೂನಾದಂಥ ದೊಡ್ಡ ಮೀನುಗಳಿಗೆ ಆಹಾರ. ಅವುಗಳಿಂದ ಮೀನುಹಿಟ್ಟು, ಮೀನೆಣ್ಣೆ ಮಾಡಬಹುದೆಂಬ ಮಾತು ಆಗಾಗ ಕಿವಿಗೆ ಬೀಳುತ್ತದೆ. ಅವುಗಳಿಗೆಂದು ನಮ್ಮೂರಿನಲ್ಲಿ ಇನ್ನೂ ಯಾರೂ ಬೋಟು ಕಟ್ಟಿಸಿಲ್ಲ. ನಿಯಮ ಬರೆಯುವವರು ಈಗಲೇ ಬರೆಯಲಿ.