ದಾಖಲಾತಿ ಪುಸ್ತಕದಲ್ಲಿ ಇಲ್ಲದವರು

ಬೋಧನಾಭ್ಯಾಸಕ್ಕೆ ನನಗೆ ಸಿಕ್ಕಿದ್ದು ಸಾಗರದ ಕಡೆಯ ಒಂದು ಪುಟ್ಟ ಪರ್ಯಾಯ ಪ್ರೌಢಶಾಲೆ. ಎಂಟನೇ ತರಗತಿಯಲ್ಲಿ ಹನ್ನೆರಡೇ ಮಕ್ಕಳು, ಪ್ರಶ್ನೆ ಕೇಳಲು ಅಂಜದವರು. ಪಾಠಗಳು ಚೆನ್ನಾಗಿಯೇ ನಡೆದವು.

ಶಕ್ತಿಯ ರೂಪಾಂತರಕ್ಕೆ ಲಿಂಗನಮಕ್ಕಿಯ ಉದಾಹರಣೆ ಕೊಟ್ಟೆ. ಎಲ್ಲರೂ ಅಣೆಕಟ್ಟು ನೋಡಿದ್ದರು, ಪ್ರವಾಸಕ್ಕೆ ಹೋಗಿ. 1964ರಲ್ಲಿ ಮುಗಿದ ಆ ಅಣೆಕಟ್ಟಿಗಾಗಿ ಜಮೀನು ಬಿಟ್ಟೆದ್ದ ಮುಳುಗಡೆ ಮನೆಯ ಮಗು ಒಂದೂ ಇರಲಿಲ್ಲ. ದಾಖಲಾತಿ ಪುಸ್ತಕ ತಿರುವಿದೆ. ಅಡಿಕೆ ತೋಟದವರು, ನೌಕರರು, ಬೆಂಗಳೂರು ಬಿಟ್ಟು ಊರಿಗೆ ಮರಳಿದವರು. ಆ ತೋಟಗಳಲ್ಲಿ ಕೊನೆ ಕೊಯ್ಯುವವರ ಮಕ್ಕಳಿಲ್ಲ.

‘ಯಾರು ಬಂದರೂ ಸೇರಿಸಿಕೊಳ್ಳುತ್ತೇವೆ’ ಎಂದರು ಅಲ್ಲಿನ ಶಿಕ್ಷಕರು. ಸುಳ್ಳಲ್ಲ. ಆದರೆ ಬರುವುದು ಹೇಗೆ? ಶುಲ್ಕ ಒಂದು, ಬಸ್ಸು ಇನ್ನೊಂದು. 2023ರ ಶಕ್ತಿ ಯೋಜನೆ ಸರ್ಕಾರಿ ಬಸ್ಸಿಗೆ. ಹೊಸನಗರ, ತೀರ್ಥಹಳ್ಳಿಯ ಒಳದಾರಿಗಳಲ್ಲಿ ಹೆಚ್ಚಾಗಿ ಓಡುವುದು ಖಾಸಗಿ ಬಸ್ಸು. ಆರ್‌ಟಿಇಯ ಶೇ. 25 ಸೀಟು ಒಂದನೇ ತರಗತಿಯ ಪ್ರವೇಶಕ್ಕೆ. ಎಂಟರಿಂದ ಶುರುವಾಗುವ ಶಾಲೆಗೆ ಅದು ತಾಗದು.

ಕಾನೂನು ಕೇಳದಿದ್ದರೂ ಇಂಥ ಶಾಲೆಗಳು ಒಂದಷ್ಟು ಸೀಟು, ಬಸ್ಸಿನ ಖರ್ಚು ತೆಗೆದಿಟ್ಟು, ಆ ಮನೆಗಳಿಗೆ ಹೋಗಿ ಕರೆಯಬೇಕು. ಪ್ರಶಿಕ್ಷಣಾರ್ಥಿಗಳಾದ ನಾವು ಪಾಠಯೋಜನೆಯ ಜೊತೆಗೆ ಒಂದು ಪುಟ ಬರೆಯಬೇಕು: ತರಗತಿಯಲ್ಲಿ ಯಾರ ಮಕ್ಕಳಿದ್ದಾರೆ, ಯಾರ ಮಕ್ಕಳಿಲ್ಲ, ಏಕೆ.

ನನ್ನ ಪಾಠಕ್ಕೆ ಒಳ್ಳೆಯ ಅಂಕ ಬಂತು. ಅದರಲ್ಲಿ ನನ್ನದೆಷ್ಟು, ಆ ಹನ್ನೆರಡು ಮನೆಗಳದೆಷ್ಟು ಎಂದು ಮೇಲ್ವಿಚಾರಕರು ಕೇಳಲಿಲ್ಲ. ಅಂದು ನಾನೂ ಕೇಳಿಕೊಳ್ಳಲಿಲ್ಲ.