ಹಳೆಯ ಡೀಸೆಲ್ ಕಾರೂ ಮನೆಯಂಗಳದ ಯಂತ್ರವಿದ್ಯೆಯೂ

ಭಾನುವಾರದ ಬೆಳಗ್ಗೆ ನಮ್ಮ ಊರುಗಳ ಬಡಾವಣೆಗಳಲ್ಲಿ ನಡೆದುಹೋಗುವಾಗ ಒಂದಲ್ಲ ಒಂದು ಮನೆಯ ಅಂಗಳದಲ್ಲಿ ಹಳೆಯ ಡೀಸೆಲ್ ಕಾರೊಂದು ಬಾನೆಟ್ಟನ್ನು ಮೇಲೆತ್ತಿಕೊಂಡು ನಿಂತಿರುವುದು ಕಣ್ಣಿಗೆ ಬೀಳುತ್ತದೆ. ಕಾಲೇಜಿಗೆ ಹೋಗುವ ಮಗನೋ ಮಗಳೋ ಸ್ಪ್ಯಾನರು ಹಿಡಿದು ಅದರೊಳಕ್ಕೆ ಬಾಗಿರುತ್ತಾರೆ. “ಪುಸ್ತಕ ಓದುವುದು ಬಿಟ್ಟು ಮೈಗೆಲ್ಲ ಮಸಿ ಬಳಿದುಕೊಳ್ಳುವುದು ಯಾವ ಸೀಮೆಯ ವಿದ್ಯೆ?” ಎಂದು ಹಿರಿಯರು ಗದರುವುದೂ ಉಂಟು. ಈ ವಾದದಲ್ಲಿ ನಾವು ಮಕ್ಕಳ ಪಕ್ಷವನ್ನೇ ವಹಿಸುತ್ತೇವೆ. ಆದರೆ ಒಂದು ಕರಾರಿನ ಮೇಲೆ. ಕೆಟ್ಟುದನ್ನು ಸರಿಪಡಿಸುವುದು ಒಂದು ಕೆಲಸ. ಸರಿಯಾಗಿರುವುದನ್ನು ‘ಜೋರು’ ಮಾಡಹೊರಡುವುದು ಮತ್ತೊಂದು. ಮೊದಲನೆಯದು ವಿದ್ಯೆ. ಎರಡನೆಯದು ಅನೇಕ ವೇಳೆ ನೆರೆಯವರ ಉಸಿರಿಗೆ ಮಾಡುವ ಅಪಚಾರ. ಈ ಎರಡಕ್ಕೂ ನಡುವಣ ಗೆರೆ ಎಲ್ಲಿದೆಯೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಡೀಸೆಲ್ ಎಂಜಿನಿನ ತತ್ತ್ವ ಸರಳವಾದುದು. 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ರುಡಾಲ್ಫ್ ಡೀಸೆಲ್ ತನ್ನ ಎಂಜಿನನ್ನು ಯಶಸ್ವಿಯಾಗಿ ನಡೆಸಿ ತೋರಿಸಿದನು. ಅದರಲ್ಲಿ ಕಿಡಿ ಹಾರಿಸುವ ಪ್ಲಗ್ಗು ಇಲ್ಲ. ಸಿಲಿಂಡರಿನೊಳಗಿನ ಬರಿಯ ಗಾಳಿಯನ್ನು ಪಿಸ್ಟನು ಒತ್ತುತ್ತದೆ. ಹಳೆಯ ಕಾರುಗಳಲ್ಲಿ ಗಾಳಿಯ ಗಾತ್ರ ಸುಮಾರು ಇಪ್ಪತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುವುದನ್ನು ನಾವೆಲ್ಲರೂ ಬಲ್ಲೆವು. ಇಲ್ಲಿ ಆ ಕಾವು 500 ಡಿಗ್ರಿ ಸೆಂಟಿಗ್ರೇಡನ್ನೂ ಮೀರುತ್ತದೆ. ಆ ಕಾದ ಗಾಳಿಗೆ ಡೀಸೆಲನ್ನು ಸೂಕ್ಷ್ಮವಾದ ತುಂತುರಾಗಿ ಚಿಮ್ಮಿಸಿದೊಡನೆ ಅದು ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಹಳೆಯ ಡೀಸೆಲ್ ಎಂಜಿನಿನಲ್ಲಿ ಒಳಕ್ಕೆ ಬರುವ ಗಾಳಿಗೆ ಕಡಿವಾಣವಿಲ್ಲ. ಚಾಲಕನು ಪೆಡಲನ್ನು ಒತ್ತಿದಾಗ ಹೆಚ್ಚುವುದು ಇಂಧನ ಮಾತ್ರ. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ವಾದವೆಲ್ಲ ಇದರ ಮೇಲೆಯೇ ನಿಂತಿದೆ.

ಉದಾಹರಣೆಗೆ, 1998ರಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಂದ ಟಾಟಾ ಇಂಡಿಕಾ ಕಾರಿನ ಡೀಸೆಲ್ ಎಂಜಿನನ್ನು ತೆಗೆದುಕೊಳ್ಳೋಣ. ನಾಲ್ಕು ಸಿಲಿಂಡರುಗಳು, ಒಟ್ಟು ಗಾತ್ರ 1405 ಘನ ಸೆಂಟಿಮೀಟರು. ಅಂದರೆ ಒಂದೊಂದು ಸಿಲಿಂಡರು ಒಂದು ಸಲಕ್ಕೆ ಹೀರುವ ಗಾಳಿ ಹೆಚ್ಚೆಂದರೆ 0.35 ಲೀಟರು. ಒಂದು ಲೀಟರು ಗಾಳಿಯ ತೂಕ ಸುಮಾರು 1.2 ಗ್ರಾಂ ಆದುದರಿಂದ ಈ ಗಾಳಿಯ ತೂಕ 0.42 ಗ್ರಾಂ. ಒಂದು ಗ್ರಾಂ ಡೀಸೆಲ್ ಪೂರ್ಣವಾಗಿ ಉರಿಯಬೇಕಾದರೆ ಸುಮಾರು 14.5 ಗ್ರಾಂ ಗಾಳಿ ಬೇಕು. ಭಾಗಿಸಿ ನೋಡಿದರೆ ಆ ಸಿಲಿಂಡರಿನಲ್ಲಿ ಒಂದು ಸಲಕ್ಕೆ ಉರಿಯಬಲ್ಲ ಡೀಸೆಲ್ ಸುಮಾರು 29 ಮಿಲಿಗ್ರಾಂ ಎಂದಾಗುತ್ತದೆ. ಅದು ಒಂದು ನೀರಿನ ಹನಿಗಿಂತಲೂ ಚಿಕ್ಕದು! ಅಷ್ಟನ್ನಾದರೂ ಗಾಳಿಯೊಡನೆ ಬೆರೆಸಿ ಉರಿಸಲು ದೊರೆಯುವ ಕಾಲ ಒಂದು ಸೆಕೆಂಡಿನ ಸಾವಿರದಲ್ಲಿ ಕೆಲವೇ ಪಾಲು. ಇಷ್ಟು ಅಲ್ಪಕಾಲದಲ್ಲಿ ಬೆರಕೆ ಪೂರ್ಣವಾಗುವುದು ಸಾಧ್ಯವಿಲ್ಲ. ಆದಕಾರಣವೇ ತಯಾರಕರು ಇಂಧನದ ಮಿತಿಯನ್ನು ಈ ಲೆಕ್ಕಕ್ಕಿಂತ ಕೆಳಗೇ ಇರಿಸಿ, ಪಂಪಿನ ಮೇಲಿನ ತಿರುಪಿಗೆ ಮುದ್ರೆ ಹಾಕಿ ಕಳುಹಿಸುತ್ತಾರೆ.

ಇನ್ನು ರಿಪೇರಿಯ ವಿಷಯ. ಇಂಥ ಕಾರಿನಲ್ಲಿ ಕಂಪ್ಯೂಟರಿನ ಕಾರುಬಾರು ಬಹಳ ಕಡಮೆ; ಬಹುಪಾಲು ದೋಷಗಳನ್ನು ಕಣ್ಣು, ಕಿವಿ, ಮೂಗುಗಳಿಂದಲೇ ಪತ್ತೆಮಾಡಬಹುದು. ಹೊಗೆಯ ಬಣ್ಣವೇ ಮೊದಲ ಪಾಠ. ಕಪ್ಪು ಹೊಗೆ ಬಂದರೆ ಇಂಧನಕ್ಕೆ ತಕ್ಕ ಗಾಳಿ ದೊರೆಯುತ್ತಿಲ್ಲವೆಂದು ಅರ್ಥ. ಏರ್ ಫಿಲ್ಟರು ಧೂಳಿನಿಂದ ಕಟ್ಟಿರಬಹುದು, ಇಲ್ಲವೆ ನಾಝಲ್ಲು ತುಂತುರಿಗೆ ಬದಲಾಗಿ ಹನಿ ಸುರಿಸುತ್ತಿರಬಹುದು. ನೀಲಿ ಛಾಯೆಯ ಹೊಗೆ ಎಂಜಿನ್ ಆಯಿಲ್ ಉರಿಯುತ್ತಿರುವುದರ ಗುರುತು. ಬಿಳಿಯ ಹೊಗೆ ಉರಿಯದೆ ಉಳಿದ ಡೀಸೆಲಿನ ಆವಿಯಿರಬಹುದು, ಅಥವಾ ರೇಡಿಯೇಟರಿನ ನೀರು ಸಿಲಿಂಡರಿಗೆ ನುಗ್ಗಿರಬಹುದು. ಚಳಿಗಾಲದ ಮುಂಜಾನೆ ಎಂಜಿನು ಬೇಗ ಹೊತ್ತಿಕೊಳ್ಳದಿದ್ದರೆ ಒಂದೊಂದು ಹೀಟರ್ ಪ್ಲಗ್ಗಿನ ವಿದ್ಯುತ್ ನಿರೋಧವನ್ನೂ ಮಲ್ಟಿಮೀಟರಿನಿಂದ ಅಳೆಯಬೇಕು. ಒಳ್ಳೆಯ ಪ್ಲಗ್ಗು ಒಂದು ಓಮಿನ ಆಸುಪಾಸಿನಲ್ಲಿರುತ್ತದೆ. ಕೆಟ್ಟುದು ಸಾಮಾನ್ಯವಾಗಿ ವಿದ್ಯುತ್ತನ್ನು ಹರಿಯಲೇ ಬಿಡದು. ಓಮನ ನಿಯಮವನ್ನು ಹಲಗೆಯ ಮೇಲೆ ಬರೆದುಕೊಂಡ ಹುಡುಗನು ಅದನ್ನು ಕಣ್ಣಾರೆ ಕಾಣುವುದು ಇಲ್ಲಿಯೇ.

ಊಹೆ, ಪರೀಕ್ಷೆ, ಊಹೆಯ ತಿದ್ದುಪಡಿ: ವಿಜ್ಞಾನದ ಮಾರ್ಗವೆಂದರೆ ಇದೇ ಅಲ್ಲವೆ? ಫಿಲ್ಟರಿನ ತಳದಲ್ಲಿ ಸೇರಿದ ನೀರನ್ನು ಹೊರಗೆ ಬಿಡುವುದು, ಇಂಧನದ ದಾರಿಯಲ್ಲಿ ಸಿಕ್ಕಿಕೊಂಡ ಗಾಳಿಯನ್ನು ತೆಗೆಯುವುದು, ಆಯಿಲ್ ಬದಲಿಸುವುದು, ಬೆಲ್ಟಿನ ಬಿಗುವನ್ನು ನೋಡುವುದು, ಇವೆಲ್ಲವೂ ಮನೆಯಲ್ಲಿಯೇ ಆಗುವ ಕೆಲಸಗಳು. ಹಳೆಯ ಆಯಿಲನ್ನು ಚರಂಡಿಗಾಗಲಿ ಗಿಡದ ಬುಡಕ್ಕಾಗಲಿ ಸುರಿಯದೆ ಡಬ್ಬಿಯಲ್ಲಿ ತುಂಬಿ, ಅದನ್ನು ಕೊಳ್ಳುವ ಗ್ಯಾರೇಜಿಗೆ ಒಪ್ಪಿಸುವುದೂ ಆ ವಿದ್ಯೆಯ ಭಾಗವೇ. ಬರಿಯ ಜಾಕಿನ ಮೇಲೆ ನಿಂತ ಕಾರಿನಡಿ ಯಾರೂ ನುಸುಳಬಾರದು; ಭದ್ರವಾದ ಸ್ಟ್ಯಾಂಡು ಇರಲೇಬೇಕು.

ಆದರೆ ಪಂಪು ಮತ್ತು ನಾಝಲ್ಲುಗಳನ್ನು ಅಂಗಳದಲ್ಲಿ ಬಿಚ್ಚಕೂಡದೆಂದು ನಾವು ಖಂಡಿತವಾಗಿ ಹೇಳುತ್ತೇವೆ. 1951ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಇಂಥ ಉಪಕರಣಗಳನ್ನು ತಯಾರಿಸಿದ ಮೈಕೋ ಕಾರ್ಖಾನೆಯ ಹೆಸರನ್ನು ಕನ್ನಡಿಗರು ಬಲ್ಲರು. ಅಂಥ ಕಡೆ ಲೋಹವನ್ನು ಮಿಲಿಮೀಟರಿನ ಸಾವಿರದ ಭಾಗಗಳ ಲೆಕ್ಕದಲ್ಲಿ ಉಜ್ಜಿ ಕೂಡಿಸುತ್ತಾರೆ. ಒಂದು ಧೂಳಿನ ಕಣ ಆ ಶ್ರಮವನ್ನೆಲ್ಲ ಹಾಳುಮಾಡಬಲ್ಲುದು. ಅಪಾಯವೂ ಉಂಟು. ಹಳೆಯ ನಾಝಲ್ಲಿನಿಂದಲೇ ಡೀಸೆಲ್ ವಾಯುಮಂಡಲದ ಒತ್ತಡದ ನೂರು ಪಟ್ಟನ್ನು ಮೀರಿ ಹೊರಚಿಮ್ಮುತ್ತದೆ. ಈಚಿನ ಎಂಜಿನುಗಳಲ್ಲಿ ಅದು ಸಾವಿರ ಪಟ್ಟನ್ನೂ ದಾಟುತ್ತದೆ. ಆ ಧಾರೆ ಚರ್ಮವನ್ನು ಸೂಜಿಯಂತೆ ತೂರಿ ಒಳಹೋಗಬಲ್ಲುದು. ಗಾಯ ಚಿಕ್ಕದಾಗಿ ಕಂಡರೂ ಒಡನೆ ಆಸ್ಪತ್ರೆಗೆ ಹೋಗಬೇಕು. ತಡಮಾಡಿದರೆ ಬೆರಳನ್ನೇ ಕಳೆದುಕೊಳ್ಳಬೇಕಾದೀತು.

ಈಗ ‘ಜೋರು ಮಾಡುವ’ ವಿಚಾರಕ್ಕೆ ಬರೋಣ. ಪಂಪಿನ ಮುದ್ರೆ ಒಡೆದು ತಿರುಪನ್ನು ಅರ್ಧ ಸುತ್ತು ತಿರುಗಿಸಿದರೆ ಕಾರು ಏರಿನಲ್ಲಿ ಚುರುಕಾಗುವುದೇನೋ ನಿಜ. ಆದರೆ ಗಾಳಿ ಹೆಚ್ಚಲಿಲ್ಲವಷ್ಟೆ? ಮೇಲಿನ ಲೆಕ್ಕವನ್ನು ಜ್ಞಾಪಿಸಿಕೊಂಡರೆ ಉತ್ತರ ತಾನೇ ಹೊಳೆಯುತ್ತದೆ. ಹೆಚ್ಚಿನ ಡೀಸೆಲಿನಲ್ಲಿ ಒಂದು ಭಾಗ ಅರೆಬೆಂದು, ಮಸಿಯಾಗಿ ಹಿಂದಿನ ಕೊಳವೆಯಿಂದ ಹೊರಬೀಳುತ್ತದೆ. ಎಂಜಿನು ಅತಿಯಾಗಿ ಕಾಯ್ದು ಪಿಸ್ಟನಿಗೂ ಕೇಡು. ಪಿಸ್ಟನು ಕೆಟ್ಟರೆ ನಷ್ಟ ಯಜಮಾನನದು. ಮಸಿಯ ನಷ್ಟ ಮಾತ್ರ ಹಿಂದೆ ಸೈಕಲ್ ತುಳಿಯುವವನದು, ಬಸ್ ನಿಲ್ದಾಣದಲ್ಲಿ ಕೂಸನ್ನೆತ್ತಿಕೊಂಡು ನಿಂತ ತಾಯಿಯದು. ಮಸಿಯ ಕಣಗಳು ನಮ್ಮ ಕೂದಲಿನ ದಪ್ಪದ ಇಪ್ಪತ್ತರಲ್ಲಿ ಒಂದು ಪಾಲಿಗಿಂತಲೂ ಚಿಕ್ಕವಾದುದರಿಂದ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. 2012ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲನೆಯ ವರ್ಗಕ್ಕೆ ಸೇರಿಸಿತು. ತಯಾರಕರು ನಿಗದಿಮಾಡಿದ ರಚನೆಯನ್ನು ವಾಹನದ ಒಡೆಯನು ಮನಬಂದಂತೆ ಬದಲಿಸಬಾರದೆಂದು 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಪ್ರಕರಣ ವಿಧಿಸುತ್ತದೆ. ಸರ್ವೋಚ್ಚ ನ್ಯಾಯಾಲಯವೂ 2019ರಲ್ಲಿ ಇದನ್ನೇ ಒತ್ತಿಹೇಳಿತು. ಕಾಯಿದೆ ಇಲ್ಲದಿದ್ದರೂ ನ್ಯಾಯವಂತನಾದವನು ತನ್ನ ವೇಗಕ್ಕಾಗಿ ಪರರ ಉಸಿರಿಗೆ ಕೈಹಾಕಲಾರನು.

“ಹಾಗಾದರೆ ಹಳೆಯ ಡೀಸೆಲ್ ಕಾರುಗಳನ್ನೆಲ್ಲ ಗುಜರಿಗೆ ಹಾಕುವುದೇ ಲೇಸಲ್ಲವೆ?” ಎಂದು ಕೆಲವರು ಕೇಳಬಹುದು. ದೆಹಲಿಯ ಪ್ರದೇಶದಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳು ಓಡಬಾರದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಲಿಯು 2015ರಲ್ಲಿ ಆಜ್ಞೆ ಮಾಡಿತು. 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. 2025ರಲ್ಲಿ ಅದೇ ನ್ಯಾಯಾಲಯ ಈ ಪ್ರಶ್ನೆಯನ್ನು ಮತ್ತೆ ಕೈಗೆತ್ತಿಕೊಂಡಿತು. ಹಳೆಯ ರಚನೆಯ ಎಂಜಿನು ಎಷ್ಟೇ ಸುಸ್ಥಿತಿಯಲ್ಲಿದ್ದರೂ ಹೊಸದರಷ್ಟು ಶುಚಿಯಾಗಿರಲಾರದೆಂಬುದನ್ನು ನಾವು ಮರೆಮಾಚುವುದಿಲ್ಲ. ಆದರೆ ಹೊಸ ಕಾರು ಕೊಳ್ಳುವ ಶಕ್ತಿಯಿಲ್ಲದ ಮನೆಗಳು ಸಾವಿರಾರು. ಅಂಥ ಮನೆಯ ಕಾರು ಓಡುವಷ್ಟು ಕಾಲವೂ ಸರಿಯಾಗಿ ಓಡಲಿ ಎಂಬುದೇ ನಮ್ಮ ಅಭಿಪ್ರಾಯ. ಇದಕ್ಕೆ ಅಳತೆಗೋಲೂ ಉಂಟು. ಹೊಗೆ ತಪಾಸಣೆಯಲ್ಲಿ ಭಾರತ್ ಸ್ಟೇಜ್ 4ಕ್ಕೆ ಹಿಂದಿನ ಡೀಸೆಲ್ ಕಾರುಗಳಿಗೆ 65 ಹಾರ್ಟ್ರಿಜ್ ಮಾನಗಳ ಮಿತಿಯಿದೆ. ರಿಪೇರಿಗೆ ಮುಂಚೆ ಎಷ್ಟಿತ್ತು, ಅನಂತರ ಎಷ್ಟಾಯಿತು, ಲೀಟರಿಗೆ ಎಷ್ಟು ಕಿಲೋಮೀಟರು ಓಡಿತು ಎಂಬುದನ್ನು ನೋಟುಪುಸ್ತಕದಲ್ಲಿ ಬರೆದಿಡಬೇಕು. ಏನು ಮಾಡಿದರೂ ಹೊಗೆ ಮಿತಿಯೊಳಗೆ ಬಾರದಾದರೆ ಆ ಕಾರಿಗೆ ವಿದಾಯ ಹೇಳುವುದೇ ಧರ್ಮ.

ಹೊಸದನ್ನು ಪ್ರಯೋಗಿಸಿ ನೋಡುವ ಹಂಬಲ ತಪ್ಪಲ್ಲ. 1900ರಲ್ಲಿ ಪ್ಯಾರಿಸಿನ ಪ್ರದರ್ಶನದಲ್ಲಿ ಒಂದು ಡೀಸೆಲ್ ಎಂಜಿನು ಕಡಲೆಕಾಯಿ ಎಣ್ಣೆಯಿಂದ ನಡೆಯಿತು; ನಮ್ಮ ನಾಡಿನಲ್ಲಿಯೂ ಹೊಂಗೆ ಎಣ್ಣೆಯಿಂದ ಎಂಜಿನು ನಡೆಸುವ ಪ್ರಯೋಗಗಳು ಆಗಿವೆ. ಆದರೆ ಹಸಿ ಹೊಂಗೆ ಎಣ್ಣೆಯ ಮಂದತೆ ಡೀಸೆಲಿನ ಸುಮಾರು ಹತ್ತು ಪಟ್ಟು. ಅದನ್ನು ಹಾಗೆಯೇ ಟ್ಯಾಂಕಿಗೆ ಸುರಿದರೆ ನಾಝಲ್ಲು ಕಟ್ಟಿಕೊಳ್ಳುತ್ತದೆ. ಇಂಥ ಪ್ರಯೋಗಗಳಿಗೆ ತಕ್ಕ ಸ್ಥಳ ರಸ್ತೆಯಲ್ಲ, ಪ್ರಯೋಗಶಾಲೆ. ಅನೇಕ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಒಂಟಿ ಸಿಲಿಂಡರಿನ ಡೀಸೆಲ್ ಎಂಜಿನು ಅಳತೆಯ ಉಪಕರಣಗಳೊಡನೆ ಸಿದ್ಧವಾಗಿ ನಿಂತಿದೆ. ವರ್ಷಕ್ಕೊಮ್ಮೆ ಪರೀಕ್ಷೆಗಾಗಿ ಮಾತ್ರ ಅದನ್ನು ನಡೆಸಿ, ಉಳಿದ ದಿನ ಬಾಗಿಲಿಗೆ ಬೀಗ ಹಾಕಿದರೆ ಹುಡುಗರು ತಮ್ಮ ಕುತೂಹಲವನ್ನು ತಂದೆಯ ಕಾರಿನ ಮೇಲೆ ತೀರಿಸಿಕೊಳ್ಳದೆ ಇನ್ನೇನು ಮಾಡಿಯಾರು? ಅಧ್ಯಾಪಕರು ಆ ಬೀಗವನ್ನು ತೆಗೆಯಬೇಕು.

ಆದುದರಿಂದ ವಿದ್ಯಾರ್ಥಿಗಳು ಸ್ಪ್ಯಾನರನ್ನು ಕೆಳಗಿಡಬೇಕಾಗಿಲ್ಲ. ರಿಪೇರಿಗೆ ಅಂಗಳ, ಪ್ರಯೋಗಕ್ಕೆ ಪ್ರಯೋಗಶಾಲೆ ಎಂಬ ವಿವೇಕವೊಂದಿದ್ದರೆ ಸಾಕು. ಕೆಲಸ ಮುಗಿಸಿ ಎಂಜಿನನ್ನು ಹಚ್ಚಿದಾಗ ಮೊದಲು ನೋಡಬೇಕಾದುದು ಕಾರಿನ ಮುಂಭಾಗವನ್ನಲ್ಲ, ಹಿಂದಿನ ಕೊಳವೆಯನ್ನು. ಅಲ್ಲಿ ಹೊಗೆ ತಿಳಿಯಾಗಿದ್ದರೆ ಕೈಗೆ ಹತ್ತಿದ ಮಸಿ ಸಾರ್ಥಕವಾಯಿತೆಂದು ತಿಳಿಯಬಹುದು.