ಹವಾಯಿಯ ಹಕ್ಕಿಗಳಿಗೆ ಸಿಗದ ಕಾಲಾವಕಾಶ

ದುರ್ಬಲ ಜೀವಿಗಳು ಅಳಿಯುವುದು ಪ್ರಕೃತಿನಿಯಮ, ನಾವೇಕೆ ಅಡ್ಡಹೋಗಬೇಕು ಎಂದು ವಿದ್ಯಾವಂತರೂ ಹೇಳುವುದುಂಟು. ಜೀವಶಾಸ್ತ್ರ ಕಲಿಸಿದ ನನಗೆ ಈ ಮಾತು ಒಪ್ಪಿಗೆಯಿಲ್ಲ. ಕಾರಣವನ್ನು ಹವಾಯಿ ದ್ವೀಪಗಳ ಹಕ್ಕಿಗಳ ಮೂಲಕ ಹೇಳುತ್ತೇನೆ.

ಹಕ್ಕಿಗೂ ಅದರ ಮೈಯಲ್ಲಿ ಬದುಕುವ ಪರಾವಲಂಬಿಗೂ ಇರುವ ಸೆಣಸಾಟ ಬಹು ಹಳೆಯದು. ಸೋಂಕನ್ನು ತಾಳಿಕೊಂಡ ಹಕ್ಕಿಗಳು ಉಳಿದು ಮರಿಮಾಡುತ್ತವೆ. ಆ ಗುಣ ಮುಂದಿನ ಪೀಳಿಗೆಗೆ ಸಾಗುತ್ತದೆ. ಪರಾವಲಂಬಿಯೂ ತಕ್ಕಂತೆ ಬದಲಾಗುತ್ತದೆ. ಈ ಸಹವಿಕಾಸಕ್ಕೆ ಅನೇಕ ತಲೆಮಾರುಗಳ ಕಾಲ ಬೇಕು.

ಹವಾಯಿಯ ಹಕ್ಕಿಗಳಿಗೆ ಅದು ದೊರೆಯಲಿಲ್ಲ. ಸಾಗರಮಧ್ಯದ ಆ ನೆಲದಲ್ಲಿ ಸೊಳ್ಳೆಯೇ ಇರಲಿಲ್ಲ. 1826ರ ಸುಮಾರಿಗೆ ಹಡಗಿನ ನೀರಿನ ಪೀಪಾಯಿಗಳಲ್ಲಿ ಅದು ಬಂದಿಳಿಯಿತು. ಅನಂತರ, ಹೊರಗಿನಿಂದ ತಂದ ಹಕ್ಕಿಗಳೊಡನೆ ಹಕ್ಕಿಗಳ ಮಲೇರಿಯಾ ಸೇರಿಕೊಂಡಿತು. ಕೆಂಪು ಮೈಯ, ಬಾಗಿದ ಕೊಕ್ಕಿನ 'ಇಇವಿ' ಹಕ್ಕಿಗೆ ಸೋಂಕುಳ್ಳ ಒಂದೇ ಸೊಳ್ಳೆಯ ಕಡಿತ ಸಾಕು. ಪ್ರಯೋಗದಲ್ಲಿ ಹತ್ತರಲ್ಲಿ ಒಂಬತ್ತು ಸತ್ತವು. ಇಇವಿಯ ಬಳಗದಲ್ಲಿ ಹಿಂದೆ 50ಕ್ಕೂ ಹೆಚ್ಚು ಪ್ರಭೇದಗಳಿದ್ದವು. ಇಂದು ಉಳಿದಿರುವವು ಸುಮಾರು 17. ಕಾಡುನಾಶ, ಇಲಿಗಳ ಹಾವಳಿಯ ಪಾಲೂ ಇದರಲ್ಲಿದೆ. ಉಳಿದವುಗಳಲ್ಲಿ ಹೆಚ್ಚಿನವಕ್ಕೆ ಸೊಳ್ಳೆ ವಿರಳವಾದ ತಂಪು ಬೆಟ್ಟಗಳೇ ಆಸರೆ. ಭೂಮಿ ಬಿಸಿಯಾದಂತೆ ಸೊಳ್ಳೆ ಅಲ್ಲಿಗೂ ಏರುತ್ತಿದೆ.

ಹಾಗೆಂದು ಸಹವಿಕಾಸ ಸೋತಿಲ್ಲ. ಹವಾಯಿ ದ್ವೀಪದ ತಗ್ಗುಪ್ರದೇಶಗಳಲ್ಲಿ 'ಅಮಾಕಿಹಿ' ಎಂಬ ಪುಟ್ಟ ಹಕ್ಕಿ ಮಲೇರಿಯಾವನ್ನು ತಾಳಿಕೊಂಡು ಬದುಕುತ್ತಿದೆ. ಅದರ ಸಂಖ್ಯೆ ದೊಡ್ಡದಿತ್ತು. ಸಾವಿರಾರು ಸತ್ತರೂ ತಾಳಿಕೊಳ್ಳಬಲ್ಲ ಕೆಲವು ಉಳಿದವು. ಮಾಯಿ ದ್ವೀಪದ 'ಕಿವಿಕಿಯು' ಹಕ್ಕಿಗಳಾದರೋ ಇನ್ನೂರೂ ಇಲ್ಲ. ಅವುಗಳನ್ನು ಪ್ರಕೃತಿಗೆ ಬಿಡೋಣ ಎಂಬುದು ಸಾಯಲು ಬಿಡೋಣ ಎಂಬುದರ ಸಭ್ಯ ರೂಪ.

ಆದುದರಿಂದಲೇ 2023ರಲ್ಲಿ ಮಾಯಿಯಲ್ಲಿ ಆರಂಭವಾದ ಕೆಲಸ ನನಗೆ ಸರಿಯೆನಿಸುತ್ತದೆ. ವೊಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾದ ಬೇರೆ ತಳಿಯಿರುವ ಗಂಡು ಸೊಳ್ಳೆಗಳನ್ನು ಕಾಡಿನಲ್ಲಿ ಬಿಡುತ್ತಾರೆ. ಗಂಡು ಕಚ್ಚುವುದಿಲ್ಲ; ಅದರೊಡನೆ ಕೂಡಿದ ಕಾಡಿನ ಹೆಣ್ಣು ಸೊಳ್ಳೆಯ ಮೊಟ್ಟೆಗಳು ಒಡೆಯುವುದಿಲ್ಲ. ಸೊಳ್ಳೆ ಕಡಿಮೆಯಾದರೆ ಹಕ್ಕಿಗಳಿಗೆ ಕಾಲಾವಕಾಶ ಸಿಗುತ್ತದೆ. ಇದು ಪ್ರಕೃತಿಯಲ್ಲಿ ಕೈಹಾಕುವುದಲ್ಲವೇ ಎಂದರೆ, ಹೌದು. ಆದರೆ ಮೊದಲು ಕೈಹಾಕಿದ್ದು ಆ ಹಡಗುಗಳಲ್ಲಿ ಬಂದವರು. ಅಳಿವು ಪ್ರಕೃತಿನಿಯಮವಿರಬಹುದು, ಪೀಪಾಯಿಯಲ್ಲಿ ಸೊಳ್ಳೆಯನ್ನು ಹೊತ್ತು ತಂದದ್ದು ಪ್ರಕೃತಿಯಲ್ಲ.

ನಿಮ್ಮಲ್ಲಿ ಒಪ್ಪದವರಿದ್ದರೆ ಸಂಕೋಚವಿಲ್ಲದೆ ಬರೆಯಿರಿ.